ಎಲ್ಲವನ್ನೂ ಒಂದೇ ಏಟಿಗೆ ಸಾಗಿಸಿ ಎಂಬ ಉಪದೇಶ

ಕೊಡಗಿನ ತೋಟದ ಆಫೀಸುಗಳಲ್ಲಿ, ಸಹಕಾರ ಸಂಘಗಳಲ್ಲಿ, ಊರಿನಲ್ಲೇ ಕೂತು ಬೆಂಗಳೂರಿನ ಕಂಪನಿಗೆ ದುಡಿಯುವ ಹುಡುಗ ಹುಡುಗಿಯರ ಬಾಯಲ್ಲಿ ಈಗ ಒಂದೇ ಮಾತು: ಕೆಲಸದ ಲೆಕ್ಕವನ್ನೆಲ್ಲ ಕ್ಲೌಡಿಗೆ ಹಾಕಿಬಿಡಿ. ಯಾವ ಬ್ಲಾಕಿನಲ್ಲಿ ಕಪಾತು ಮುಗಿಯಿತು, ಎಷ್ಟು ಆಳು ಹಿಡಿಯಿತು, ಗೊಬ್ಬರ ಎಷ್ಟು ಹೋಯಿತು, ಯಾವ ಕೆಲಸ ಯಾರ ತಲೆಯ ಮೇಲಿದೆ, ಯಾವುದು ಅರ್ಧಕ್ಕೆ ನಿಂತಿದೆ, ಎಲ್ಲವೂ ಫೋನಿನಲ್ಲಿ ಕಾಣಬೇಕು. ಇದಕ್ಕೆ ನನ್ನ ತಕರಾರಿಲ್ಲ. ತಕರಾರು ಇರುವುದು ಇದರ ಬೆನ್ನಿಗೇ ಬರುವ ಉಪದೇಶಕ್ಕೆ. ಹೇಗೆ ಸಾಗಿಸುವುದೆಂದು ನೀವು ತಲೆ ಕೆಡಿಸಿಕೊಳ್ಳಬೇಡಿ, ಅದು ತಾಂತ್ರಿಕ ವಿಷಯ. ಇರುವುದನ್ನೆಲ್ಲ ನಮ್ಮ ಕೈಗೆ ಕೊಡಿ, ಶನಿವಾರ ರಾತ್ರಿ ಸಾಫ್ಟ್‌ವೇರೇ ಎತ್ತಿಕೊಂಡು ಹೋಗುತ್ತದೆ, ಸೋಮವಾರ ಬೆಳಿಗ್ಗೆ ಹೊಸದರಲ್ಲಿ ಲಾಗಿನ್ ಆಗಿ, ಹಳೆಯದನ್ನು ಮುಚ್ಚಿಬಿಡಿ ಎನ್ನುವ ಮಾತದು. ಮಾರುವವರು ಹೇಳುತ್ತಾರೆ, ಸರಿ, ಅದು ಅವರ ಹೊಟ್ಟೆಪಾಡು. ಕೊಳ್ಳುವವರೂ ತಲೆಯಾಡಿಸುತ್ತಾರಲ್ಲ, ಅದೇ ನನಗೆ ಸೋಜಿಗ. ಒಂದು ಚೀಲ ಕಾಳುಮೆಣಸು ಕೊಡುವಾಗ ತೇವಾಂಶಕ್ಕೆ ಅರ್ಧ ಗಂಟೆ ಜಗಳವಾಡುವ ಬೆಳೆಗಾರ, ಮೂವತ್ತು ವರ್ಷದ ಲೆಕ್ಕವನ್ನು ಕೊಡುವಾಗ ಒಂದು ಪ್ರಶ್ನೆಯನ್ನೂ ಕೇಳುವುದಿಲ್ಲ.

ಸಾಗಿಸುವ ಬಗೆಯನ್ನು ಆರಿಸುವುದೆಂದರೆ ಒಂದು ಸಂಸ್ಥೆ ಏನನ್ನು ನೆನಪಿಡಬೇಕು, ಏನನ್ನು ಮರೆಯಬಹುದು, ತಪ್ಪಾದರೆ ಯಾರು ಉತ್ತರ ಹೇಳಬೇಕು ಎಂದು ತೀರ್ಮಾನಿಸುವುದು. ಆ ತೀರ್ಮಾನ ತೋಟದ ಲೆಕ್ಕ ಬರೆಯುವ ರೈಟರಿಗೆ, ಮೇಸ್ತ್ರಿಗೆ, ಸಂಘದ ಕಾರ್ಯದರ್ಶಿಗೆ ಸೇರಿದ್ದು. ಅದನ್ನು ಮಾರುವವನ ಕೈಗೆ ಬಿಟ್ಟುಕೊಟ್ಟ ಮೇಲೆ ಉಳಿದ ಚರ್ಚೆಯೆಲ್ಲ ಬರೀ ದರದ ಚರ್ಚೆ.

ತೋಟದ ಚೆಕ್‌ರೋಲನ್ನೇ ತೆಗೆದುಕೊಳ್ಳಿ. ಹೊರಗಿನವರ ಕಣ್ಣಿಗೆ ಅದು ಹಾಜರಿ ಪುಸ್ತಕ. ಎಡಕ್ಕೆ ಹೆಸರು, ಮೇಲೆ ತಾರೀಕು, ನಡುವೆ ಗೀಟು. ತಿಂಗಳ ಕೊನೆಗೆ ಕೂಡಿದರೆ ಸಂಬಳ. ಎಕ್ಸೆಲ್ಲಿಗೆ ಇಷ್ಟು ಸಲೀಸಾಗಿ ಕೂರುವ ವಸ್ತು ಇನ್ನೊಂದಿಲ್ಲ ಎನಿಸುತ್ತದೆ. ರೈಟರ್ ಅದನ್ನು ಓದುವ ಬಗೆಯೇ ಬೇರೆ. ಅರ್ಧ ಗೀಟು ಎಂದರೆ ಮಳೆ ಬಂದು ಮಧ್ಯಾಹ್ನಕ್ಕೇ ಕೆಲಸ ನಿಂತ ದಿನ. ಹೆಸರಿನ ಮುಂದೆ ಚುಕ್ಕೆ ಇದ್ದರೆ ಮುಂಗಡ ತೀರಿಲ್ಲ. ಅಂಚಿನಲ್ಲಿ ಪೆನ್ಸಿಲಿನಿಂದ ‘ಕೆರೆ ಮೇಲಿನ ಬ್ಲಾಕು, ಬೋರರ್’ ಎಂದು ಗೀಚಿದ್ದರೆ, ಅರೇಬಿಕಾ ಗಿಡಗಳಲ್ಲಿ ಬಿಳಿ ಕಾಂಡಕೊರಕ ಹೊಕ್ಕದ್ದನ್ನು ಹುಡುಕಿ, ಹಿಡಿದ ಗಿಡಗಳನ್ನು ಕಿತ್ತು ಸುಟ್ಟ ದಿನ ಅದು. ದುಂಬಿ ಹಾರುವ ಕಾಲಕ್ಕೆ ಮೊದಲು, ವರ್ಷಕ್ಕೆ ಎರಡು ಸಲ, ಈ ಹುಡುಕಾಟ ನಡೆಯಲೇಬೇಕು. ಯಾವ ವರ್ಷ ಯಾವ ಬ್ಲಾಕಿನಲ್ಲಿ ಎಷ್ಟು ಗಿಡ ಹೋಯಿತು ಎಂಬುದು ಗೊತ್ತಿದ್ದರೆ ತಾನೇ ನೆರಳು ಎಲ್ಲಿ ತೆಳುವಾಗಿದೆ, ಮುಂದೆ ಎಲ್ಲಿ ರೊಬಸ್ಟಾಕ್ಕೆ ತಿರುಗಬೇಕು ಎಂದು ಲೆಕ್ಕ ಹಾಕುವುದು? ತೋಟದ ಯೋಜನೆ ಇರುವುದೇ ಆ ಪೆನ್ಸಿಲ್ ಗೆರೆಯಲ್ಲಿ.

‘ಎಲ್ಲವನ್ನೂ’ ಸಾಗಿಸುತ್ತೇವೆ ಎಂದು ಬಂದ ಸಾಫ್ಟ್‌ವೇರಿನಲ್ಲಿ ಹಾಜರಿಗೆ ಎರಡೇ ಉತ್ತರ: ಬಂದ, ಬರಲಿಲ್ಲ. ಅರ್ಧ ಗೀಟು ಇಡಿಯಾಗುತ್ತದೆ, ಇಲ್ಲವೇ ಸೊನ್ನೆಯಾಗುತ್ತದೆ. ಚುಕ್ಕೆಗೆ ಜಾಗವಿಲ್ಲ. ಅಂಚಿನ ಬರಹವನ್ನು ಟೈಪು ಮಾಡುವವನು ಓದುವುದೂ ಇಲ್ಲ, ಅವನಿಗೆ ಹೇಳಿದ್ದು ಕಾಲಂ ತುಂಬಲು. ಕೊನೆಗೆ ‘ಶೇಕಡಾ ನೂರು ದಾಖಲೆ ವರ್ಗಾವಣೆಯಾಗಿದೆ’ ಎಂಬ ವರದಿ ಬರುತ್ತದೆ. ಸಾಲುಗಳನ್ನು ಎಣಿಸಿದರೆ ವರದಿ ಸುಳ್ಳೂ ಅಲ್ಲ.

ಹೆಸರುಗಳ ಕಥೆ ಇನ್ನೂ ಕೆಟ್ಟದ್ದು. ಒಂದೇ ಲೈನ್‌ಮನೆಯಲ್ಲಿ ಇಬ್ಬರು ಬೊಳ್ಳಿ, ಮೂವರು ಕರಿಯ ಇರುತ್ತಾರೆ. ರೈಟರಿಗೆ ಗೊಂದಲವಿಲ್ಲ, ಒಬ್ಬಳು ದೊಡ್ಡ ಬೊಳ್ಳಿ, ಇನ್ನೊಬ್ಬಳು ಕೆಳಗಿನ ಲೈನಿನ ಬೊಳ್ಳಿ. ಇನ್ನು ಅಸ್ಸಾಮಿನಿಂದ ಬಂದವರ ಹೆಸರನ್ನು ಒಂದೊಂದು ವರ್ಷ ಒಂದೊಂದು ರೀತಿ ಬರೆದಿರುತ್ತಾರೆ. ಸಾಗಿಸುವ ಸಾಫ್ಟ್‌ವೇರಿಗೆ ಮೊದಲಿನವರು ಡೂಪ್ಲಿಕೇಟು, ಎರಡನೆಯವರು ಬೇರೆ ಬೇರೆ ಮನುಷ್ಯರು. ಇಬ್ಬರು ಬೊಳ್ಳಿಯರನ್ನು ಕೂಡಿಸಿ ಒಬ್ಬಳನ್ನಾಗಿ ಮಾಡುತ್ತದೆ, ಒಬ್ಬನೇ ಆಳನ್ನು ಒಡೆದು ಮೂವರನ್ನಾಗಿ ಮಾಡುತ್ತದೆ. ಇದನ್ನು ‘ಡೇಟಾ ಕ್ಲೀನಿಂಗ್’ ಎಂದು ಬಿಲ್ಲಿನಲ್ಲಿ ಬೇರೆ ಸೇರಿಸುತ್ತಾರೆ. 1972ರ ಉಪಧನ ಕಾಯ್ದೆಯ ಕಾಲದಿಂದ ಬಂದ ನಿಯಮದ ಪ್ರಕಾರ ಕಾಯಂ ಆಳಿಗೆ ಐದು ವರ್ಷದ ಸತತ ಸೇವೆಗೆ ಗ್ರಾಚ್ಯುಟಿ ಹಕ್ಕು. ಸತತ ಎನ್ನುವುದಕ್ಕೆ ಅಳತೆ ವರ್ಷಕ್ಕೆ 240 ದಿನದ ಕೆಲಸ. ಆ 240 ದಿನಕ್ಕೆ ಸಾಕ್ಷಿ ಇರುವುದು ಚೆಕ್‌ರೋಲಿನಲ್ಲಿ. ಮೂವರಾಗಿ ಒಡೆದವನಿಗೆ ಯಾವ ಹೆಸರಿನಲ್ಲೂ 240 ದಿನ ತುಂಬುವುದಿಲ್ಲ. ಅವನು ಕೇಳಲು ಬರುವ ಹೊತ್ತಿಗೆ ಹಳೆಯ ಪುಸ್ತಕ ಹಳೆ ಪೇಪರಿನವನ ಗಾಡಿ ಹತ್ತಿರುತ್ತದೆ.

ಕೊಡಗಿಗೆ ಇದು ಹೊಸ ಪಾಠವಾಗಬಾರದಿತ್ತು. ‘ಭೂಮಿ’ ಯೋಜನೆಯನ್ನು ನಾವು ಕಂಡಿದ್ದೇವಲ್ಲ. ಈ ಶತಮಾನದ ಮೊದಲ ಒಂದೆರಡು ವರ್ಷಗಳಲ್ಲಿ ಕರ್ನಾಟಕ ಸುಮಾರು 67 ಲಕ್ಷ ರೈತರ ಎರಡು ಕೋಟಿಯಷ್ಟು ಪಹಣಿಗಳನ್ನು ಕಂಪ್ಯೂಟರಿಗೆ ಏರಿಸಿತು. ಕೈಬರಹದ ಪಹಣಿ ಇನ್ನು ನಡೆಯುವುದಿಲ್ಲ ಎಂದು ತಾಲ್ಲೂಕು ತಾಲ್ಲೂಕಾಗಿ ಸಾರಲಾಯಿತು. ಶಾನುಭೋಗಿಕೆಯ ಕಾಲದಿಂದ ಬಂದ ಲಂಚದ ಸರಪಣಿಯನ್ನು ಅದು ಸಡಿಲಿಸಿತು, ಹದಿನೈದು ರೂಪಾಯಿಗೆ ಕೌಂಟರಿನಲ್ಲಿ ಪಹಣಿ ಸಿಕ್ಕಿತು, ಜಗತ್ತೇ ಕೊಂಡಾಡಿತು. ಕೊಂಡಾಟಕ್ಕೆ ಅದು ಯೋಗ್ಯವೇ. ಆದರೆ ಬಯಲುಸೀಮೆಯ ಜಮೀನನ್ನು ಕಣ್ಣ ಮುಂದಿಟ್ಟುಕೊಂಡು ಹೊಲಿದ ಅಂಗಿ ಅದು. ಒಂಬತ್ತನೇ ಕಾಲಂನಲ್ಲಿ ಮಾಲೀಕನ ಹೆಸರು, ಹನ್ನೊಂದರಲ್ಲಿ ಹಕ್ಕು ಮತ್ತು ಋಣ. ಕೊಡಗಿನಲ್ಲಿ ವಂಶಪಾರಂಪರ್ಯವಾಗಿ ಬಂದ ಜಮ್ಮಾ ಭೂಮಿಗೆ ಮಾಲೀಕ ಯಾರು? ಒಕ್ಕಕ್ಕೆ, ಅಂದರೆ ಇಡೀ ಮನೆತನಕ್ಕೆ, ಸೇರಿದ ಗದ್ದೆ, ಅದಕ್ಕೆ ಹೊಂದಿಕೊಂಡ ಬಾಣೆ; ಸೌದೆ, ಸೊಪ್ಪು, ಮೇವಿಗೆಂದು ಗದ್ದೆಯ ಜೊತೆ ಬಂದ ಬಾಣೆ ಈಗ ಕಾಫಿ ತೋಟ. ಪಟ್ಟೆದಾರನ ಹೆಸರು ಇರುವುದು ಅವನೊಬ್ಬನದೇ ಆಸ್ತಿ ಎಂದಲ್ಲ, ಒಕ್ಕದ ಹಿರಿಯನಾಗಿ ಕಂದಾಯಕ್ಕೆ ಉತ್ತರ ಹೇಳುವವನು ಎಂದು. ಅವನ ಹಿಂದೆ ಇರುವವರ ಪಾಲು, ಅನುಭವ, ಮನೆಯೊಳಗಿನ ಒಪ್ಪಂದ ಎಲ್ಲ ಹಳೆಯ ಕಡತಗಳಲ್ಲೂ ಐನ್‌ಮನೆಯ ಹಿರಿಯರ ತಲೆಯಲ್ಲೂ ಇತ್ತು.

ಕಂಪ್ಯೂಟರಿಗೆ ಬಂದದ್ದು ಹೆಸರು ಮಾತ್ರ. ಎಷ್ಟೋ ಪಹಣಿಗಳಲ್ಲಿ ಯಾವತ್ತೋ ತೀರಿಕೊಂಡ ಪಟ್ಟೆದಾರನೇ ಮಾಲೀಕನಾಗಿ ಕೂತ. ಸಾಲ ಕೇಳಲು ಹೋದ ಮೊಮ್ಮಗನಿಗೆ ಬ್ಯಾಂಕು ಹೇಳಿತು: ನಿಮ್ಮ ಹೆಸರಿಲ್ಲ. ಗೋಜಲು ಮೊದಲೇ ಇತ್ತು, ‘ಭೂಮಿ’ ಹುಟ್ಟಿಸಿದ್ದಲ್ಲ, ಎಂದು ಅಧಿಕಾರಿಗಳು ಹೇಳುವುದುಂಟು. ನಿಜ. ಕಾಗದದಲ್ಲಿದ್ದಾಗ ಅದು ಗೋಜಲು ಎಂದು ಎಲ್ಲರಿಗೂ ಗೊತ್ತಿತ್ತು, ಗ್ರಾಮ ಲೆಕ್ಕಿಗನೂ ಹಾಗೆಂದೇ ಓದುತ್ತಿದ್ದ. ಪರದೆಯ ಮೇಲೆ ಬಂದ ಕೂಡಲೇ ಅದೇ ಗೋಜಲು ಅಂತಿಮ ಸತ್ಯವಾಯಿತು. ಬಳಿಕ ಪಹಣಿ ತಿದ್ದುಪಡಿಗೆ ಅದಾಲತ್ತುಗಳು, ಕಾಯ್ದೆಗೆ ತಿದ್ದುಪಡಿಗಳು, ಹೈಕೋರ್ಟಿನ ಮೆಟ್ಟಿಲು. ಜಮ್ಮಾ ತಕರಾರು ಇನ್ನೂ ಮಡಿಕೇರಿಯ ಕಚೇರಿಗಳಲ್ಲಿ ಓಡಾಡುತ್ತಲೇ ಇದೆ. ಎರಡು ದಶಕ ಕಳೆದ ಮೇಲೂ ಈ ಜಿಲ್ಲೆಯಲ್ಲಿ ಯಾರಾದರೂ ‘ಮೊದಲು ಏರಿಸಿಬಿಡೋಣ, ಆಮೇಲೆ ಸರಿಪಡಿಸೋಣ’ ಎಂದರೆ ಕೇಳುವವರು ನಗಬೇಕು. ಯಾರೂ ನಗುವುದಿಲ್ಲ.

ಗ್ರಾಮ ಪಂಚಾಯಿತಿಗಳ ಕಾಮಗಾರಿ ಲೆಕ್ಕವೂ ಇದೇ ದಾರಿ ಹಿಡಿದಿದೆ. ಯೋಜನೆಗೆ ಪ್ಲಾನ್‌ಪ್ಲಸ್, ಪ್ರಗತಿಗೆ ಆ್ಯಕ್ಷನ್‌ಸಾಫ್ಟ್, ಹಣಕ್ಕೆ ಪ್ರಿಯಾಸಾಫ್ಟ್ ಎಂದು ಬೇರೆ ಬೇರೆ ಇದ್ದ ವ್ಯವಸ್ಥೆಗಳ ಜಾಗಕ್ಕೆ 2020ರ ಏಪ್ರಿಲ್ 24ರಂದು ಇ-ಗ್ರಾಮಸ್ವರಾಜ್ ಬಂತು. ಒಂದೇ ಬಾಗಿಲು ಆದದ್ದು ಒಳ್ಳೆಯದೇ. ಆದರೆ ಇಂಥ ಯಾವುದೇ ಕಾಮಗಾರಿ ಸಾಫ್ಟ್‌ವೇರಿನ ಮನಸ್ಸಿನಲ್ಲಿ ಕೆಲಸವೆಂದರೆ ಶುರುವಾಗುತ್ತದೆ, ನಡೆಯುತ್ತದೆ, ಮುಗಿಯುತ್ತದೆ. ಕೊಡಗಿನಲ್ಲಿ ಮುಗಿದ ಕೆಲಸ ಜುಲೈ ತಿಂಗಳ ಮಳೆಗೆ ಮತ್ತೆ ಶುರುವಿಗೆ ಬರುತ್ತದೆ. ತಡೆಗೋಡೆ ಕಟ್ಟಿ ಮುಗಿಸಿ ಬಿಲ್ಲೂ ಆಗಿರುತ್ತದೆ, ಆಗಸ್ಟಿನಲ್ಲಿ ಗೋಡೆಯ ಜೊತೆ ರಸ್ತೆಯೂ ಕೆಳಗಿನ ತೋಟದಲ್ಲಿರುತ್ತದೆ. ‘ಮುಗಿದು, ಮತ್ತೆ ಕುಸಿದದ್ದು’ ಎಂಬ ಸ್ಥಿತಿಗೆ ಕಾಲಂ ಕಂಡವರುಂಟೇ? ಹಳೆಯ ಕಡತದಲ್ಲಿ ಎಂಜಿನಿಯರ್ ಹಸಿರು ಶಾಯಿಯಲ್ಲಿ ಬರೆದ ಟಿಪ್ಪಣಿ ಇರುತ್ತದೆ: ಇಲ್ಲಿ ಒಸರು ಇದೆ, ಗೋಡೆ ನಿಲ್ಲುವುದಿಲ್ಲ, ಮೊದಲು ನೀರು ತಿರುಗಿಸಬೇಕು. ಸಾಗಿಸಿದ ಡೇಟಾದಲ್ಲಿ ಉಳಿದದ್ದು ‘ಪೂರ್ಣಗೊಂಡಿದೆ’ ಎಂಬ ಒಂದು ಪದ. ಮುಂದಿನ ಎಂಜಿನಿಯರ್ ಅದೇ ಜಾಗದಲ್ಲಿ ಅದೇ ಗೋಡೆಗೆ ಅಂದಾಜು ಪಟ್ಟಿ ಮಾಡುತ್ತಾನೆ. ತಪ್ಪು ಅವನದಲ್ಲ.

ಇನ್ನು ಆ ಶನಿವಾರ ರಾತ್ರಿಯ ವಿಷಯ. ಒಂದೇ ಏಟಿಗೆ ಸಾಗಿಸುವುದರಲ್ಲಿ ಗಂಡಸುತನದ ಒಂದು ಆಕರ್ಷಣೆ ಇದೆ. ಕುಂಟುತ್ತಾ ತಿಂಗಳುಗಟ್ಟಲೆ ಎರಡು ದೋಣಿಯಲ್ಲಿ ಕಾಲಿಡುವುದೇಕೆ ಎನ್ನುತ್ತಾರೆ. ಬ್ರಿಟನ್ನಿನ ಟಿಎಸ್‌ಬಿ ಬ್ಯಾಂಕು 2018ರ ಏಪ್ರಿಲಿನ ಒಂದು ವಾರಾಂತ್ಯದಲ್ಲಿ ಸುಮಾರು 52 ಲಕ್ಷ ಗ್ರಾಹಕರ ಲೆಕ್ಕವನ್ನು ಹೊಸ ವ್ಯವಸ್ಥೆಗೆ ಎತ್ತಿಹಾಕಿತು. ಡೇಟಾ ಸರಿಯಾಗಿಯೇ ಹೋಯಿತು. ಕುಸಿದದ್ದು ಅದನ್ನು ಹೊರಬೇಕಾದ ವ್ಯವಸ್ಥೆ. 19 ಲಕ್ಷ ಜನ ತಮ್ಮ ಖಾತೆಯೊಳಗೆ ಹೋಗಲಾರದೆ ಹೊರಗುಳಿದರು, ಪರಿಸ್ಥಿತಿ ಪೂರ್ತಿ ಮಾಮೂಲಿಗೆ ಬರಲು ಆ ವರ್ಷದ ಕೊನೆಯವರೆಗೆ ಕಾಯಬೇಕಾಯಿತು, 2022ರಲ್ಲಿ ನಿಯಂತ್ರಕರು ಹಾಕಿದ ದಂಡ 4 ಕೋಟಿ 86 ಲಕ್ಷ ಪೌಂಡು ದಾಟಿತು. ತನಿಖೆ ಮಾಡಿದ ವಕೀಲರ ಸಂಸ್ಥೆ ಬೊಟ್ಟು ಮಾಡಿದ್ದು ಇದನ್ನೇ: ಹಂತ ಹಂತವಾಗಿ ಮಾಡುವ ಬದಲು ಬಹುಪಾಲನ್ನು ಒಂದೇ ಸಲಕ್ಕೆ ಸಾಗಿಸುವ ತೀರ್ಮಾನಕ್ಕೆ ಬಂದದ್ದು, ಅದರ ಅಪಾಯವನ್ನು ತೂಗಿ ನೋಡದೇ ಇದ್ದದ್ದು. ಕೋಟಿಗಟ್ಟಲೆ ಪೌಂಡು ಖರ್ಚು ಮಾಡಿ, ನೂರಾರು ಎಂಜಿನಿಯರುಗಳನ್ನು ಇಟ್ಟುಕೊಂಡವರ ಪಾಡು ಇದು. ನಮ್ಮ ಸಂಘದಲ್ಲಿ ಇರುವುದು ಒಬ್ಬ ಗುಮಾಸ್ತ, ಒಂದು ಯುಪಿಎಸ್.

ಮತ್ತೆ, ಯಾವ ಶನಿವಾರ? ನವೆಂಬರಿನಲ್ಲಿ ಅರೇಬಿಕಾ ಕೊಯ್ಲು ಹಿಡಿದರೆ ಹಿಂದೆಯೇ ರೊಬಸ್ಟಾ, ಅದರ ಬೆನ್ನಿಗೆ ಕಾಳುಮೆಣಸು. ಮಾರ್ಚ್ ಕಳೆಯುವವರೆಗೆ ರೈಟರಿಗೆ ಉಸಿರಾಡಲು ಬಿಡುವಿಲ್ಲ. ಫೆಬ್ರವರಿ ಮಾರ್ಚಿನಲ್ಲಿ ಹೂಮಳೆ ಬಾರದಿದ್ದರೆ ಸ್ಪ್ರಿಂಕ್ಲರ್ ಹಿಡಿದು ಹಗಲು ರಾತ್ರಿ ನೀರು. ಸಂಘಗಳಿಗೆ ಮಾರ್ಚ್ 31ರ ಲೆಕ್ಕ, ಸಾಲ ನವೀಕರಣ. ಜೂನ್ ಬಂತೆಂದರೆ ಕರೆಂಟು ಹೋಗುತ್ತದೆ, ಕರೆಂಟಿನ ಹಿಂದೆ ಟವರ್ ಹೋಗುತ್ತದೆ, ಭಾಗಮಂಡಲ ನಾಪೋಕ್ಲು ಕಡೆ ರಸ್ತೆಯೇ ಹೋಗುತ್ತದೆ. ಉಳಿದದ್ದು ಮಳೆ ಕಡಿಮೆಯಾದ ಸೆಪ್ಟೆಂಬರ್, ಅಕ್ಟೋಬರ್; ಇಲ್ಲವೇ ಏಪ್ರಿಲ್ ಕೊನೆ, ಮೇ. ಈ ಲೆಕ್ಕ ತೋಟದಲ್ಲಿ ಬೆಳೆಯುವ ಮಗುವಿಗೂ ಗೊತ್ತು. ಆದರೂ ಸಾಗಾಟದ ಒತ್ತಡ ಬರುವುದು ಯಾವಾಗಲೂ ಫೆಬ್ರವರಿ ಮಾರ್ಚಿನಲ್ಲಿ, ಯಾಕೆಂದರೆ ಮಾರುವವರ ವರ್ಷ ಮಾರ್ಚಿಗೆ ಮುಗಿಯುತ್ತದೆ.

ನೆಟ್‌ವರ್ಕಿನ ವಿಷಯ ಹೇಳಿದರೆ ‘ಅದೆಲ್ಲ ಹಳೆಯ ಮಾತು’ ಎಂದು ನಗುತ್ತಾರೆ. ಶನಿವಾರಸಂತೆ ಬಳಿಯ ಮುಳ್ಳೂರಿನ ಸರ್ಕಾರಿ ಶಾಲೆಯ ಮೇಷ್ಟ್ರೊಬ್ಬರು ಸಿಗ್ನಲ್ ಸಿಗಲೆಂದು ಮರದ ಮೇಲೆ ಅಟ್ಟಣೆ ಕಟ್ಟಿ ಆನ್‌ಲೈನ್ ಪಾಠ ಮಾಡಿದ್ದು 2021ರಲ್ಲಿ. ಅಷ್ಟೇನೂ ಹಳೆಯದಲ್ಲ.

ಸಾಫ್ಟ್‌ವೇರ್ ಮಂದಿಯ ಅನುಭವವನ್ನಾದರೂ ಕೇಳಬಹುದು. ಯೋಜನೆ ನಿರ್ವಹಣೆಗೆ ಜಗತ್ತಿನಾದ್ಯಂತ ಬಳಸುವ ಜಿರಾ ಎಂಬ ಸಾಧನವಿದೆ, ಅಟ್ಲಾಸಿಯನ್ ಕಂಪನಿಯದು. ಹತ್ತು ಜನರ ಸಣ್ಣ ತಂಡ ಹತ್ತು ಡಾಲರಿಗೆ ಪರವಾನಗಿ ಕೊಂಡು ತನ್ನದೇ ಕಂಪ್ಯೂಟರಿನಲ್ಲಿ ಇಟ್ಟುಕೊಳ್ಳಬಹುದಾಗಿತ್ತು. 2020ರ ಅಕ್ಟೋಬರಿನಲ್ಲಿ ಕಂಪನಿ ಅದಕ್ಕೆ ಕೊನೆ ಹಾಡುತ್ತೇವೆಂದಿತು. 2021ರ ಫೆಬ್ರವರಿಗೆ ಹೊಸ ಮಾರಾಟ ನಿಂತಿತು, 2024ರ ಫೆಬ್ರವರಿ 15ಕ್ಕೆ ಬೆಂಬಲವೂ ನಿಂತಿತು. ದೊಡ್ಡವರು ಸ್ವಂತ ಯಂತ್ರದಲ್ಲಿ ಇಟ್ಟುಕೊಳ್ಳುವ ಇನ್ನೊಂದು ಆವೃತ್ತಿಗೂ 2029ರ ಗಡುವು ಬಿದ್ದಿದೆ. ವ್ಯಾಪಾರದವರಿಗೆ ತಮ್ಮ ಅಂಗಡಿ ಮುಚ್ಚುವ ಹಕ್ಕಿದೆ, ಅದನ್ನು ಪ್ರಶ್ನಿಸುತ್ತಿಲ್ಲ. ಆದರೆ ಅಂಥ ಗಡುವು ಬಂದಾಗ ನಮ್ಮವರು ಆರಿಸಿಕೊಂಡ ದಾರಿ ಯಾವುದು? ಇಡೀ ಸರ್ವರನ್ನೇ ಎತ್ತಿ ಅಲ್ಲಿ ಇಳಿಸುವುದು. ಒಂದೊಂದೇ ಪ್ರಾಜೆಕ್ಟನ್ನು ಸಾಗಿಸುವ ಸಾಧನವನ್ನು ಕಂಪನಿಯೇ ಪುಕ್ಕಟೆ ಕೊಟ್ಟಿತ್ತು. ಬಾಕಿ ಇರುವ ಕೆಲಸಗಳನ್ನಷ್ಟೇ ಸಾದಾ ಪಟ್ಟಿಯಾಗಿ ಒಯ್ದು ಹೊಸದಾಗಿ ಶುರು ಮಾಡುವ ದಾರಿಯೂ ಇತ್ತು. ಪಟ್ಟಿಯಲ್ಲಿ ಒಯ್ದರೆ ಯಾರು ಯಾವಾಗ ಏನು ಬದಲಿಸಿದರು ಎಂಬ ಇತಿಹಾಸ ಜೊತೆಗೆ ಬರುವುದಿಲ್ಲ. ಅದು ಬೇಕಾದವರು ಆ ದಾರಿ ಹಿಡಿಯಬಾರದು. ಇಡಿಯಾಗಿ ಎತ್ತಿದರೆ ಹತ್ತು ವರ್ಷದ ಕಸವೂ ಬರುತ್ತದೆ: ಯಾರೂ ಮುಟ್ಟದ ಪ್ರಾಜೆಕ್ಟುಗಳು, ಕೆಲಸ ಬಿಟ್ಟುಹೋದವರ ಖಾತೆಗಳು, ಒಂದೇ ಅರ್ಥದ ನಾಲ್ಕು ಕಾಲಂಗಳು. ಪಕ್ಕದ ಕಂಪನಿಗಳಿಂದ ಕೊಂಡು ಅಂಟಿಸಿಕೊಂಡಿದ್ದ ಪ್ಲಗಿನ್‌ಗಳ ಡೇಟಾ ಮಾತ್ರ ಎಷ್ಟೋ ಕಡೆ ಬರುವುದೇ ಇಲ್ಲ, ಆ ಪ್ಲಗಿನ್ ಮಾಡಿದವರು ದಾರಿ ಮಾಡಿಕೊಟ್ಟಿದ್ದರೆ ಉಂಟು, ಇಲ್ಲದಿದ್ದರೆ ಇಲ್ಲ. ಬೇಡದ್ದು ಬಂದು ಬೇಕಾದದ್ದು ಉಳಿಯುವ ಈ ಚಮತ್ಕಾರಕ್ಕೆ ‘ಸಂಪೂರ್ಣ ವರ್ಗಾವಣೆ’ ಎಂದು ಹೆಸರು. ತಲೆಯೊಂದಕ್ಕೆ ತಿಂಗಳಿಗಿಷ್ಟು ಎಂದು ಬಾಡಿಗೆ ಕಟ್ಟುವ ಕಡೆ, ಬಿಟ್ಟುಹೋದವರ ಖಾತೆಯನ್ನೂ ಹೊತ್ತುಕೊಂಡು ಹೋಗುವುದು ಎಂಥ ಜಾಣತನ?

ಎಲ್ಲಕ್ಕಿಂತ ಗಟ್ಟಿಯಾಗಿ ಎದುರಾಗುವ ವಾದ ಸುರಕ್ಷತೆಯದು, ಅದನ್ನು ಹಗುರವಾಗಿ ತಳ್ಳಿಹಾಕಲು ಕೊಡಗಿನವರಿಗೆ ಸಾಧ್ಯವಿಲ್ಲ. 2018ರ ಆಗಸ್ಟಿನಲ್ಲಿ ಮಕ್ಕಂದೂರು, ಮುಕ್ಕೋಡ್ಲು, ಜೋಡುಪಾಲದ ಕಡೆ ಗುಡ್ಡ ಜಾರಿದಾಗ ಮನೆಯೊಡನೆ ಮನೆಯ ಕಾಗದಪತ್ರವೂ ಮಣ್ಣಿನಡಿ ಹೋಯಿತು. ಬೀರುವಿನಲ್ಲಿ ಬೀಗ ಹಾಕಿಟ್ಟ ಚೆಕ್‌ರೋಲಿಗೆ ಗೆದ್ದಲಿದೆ, ಮಳೆಗಾಲದ ಬೂಷ್ಟಿದೆ. ಒಂದು ಪ್ರತಿ ಜಿಲ್ಲೆಯ ಹೊರಗೆ, ಬೆಟ್ಟದಾಚೆ ಎಲ್ಲೋ ಇರಬೇಕು ಎಂಬುದರಲ್ಲಿ ಎರಡು ಮಾತಿಲ್ಲ; ಕ್ಲೌಡು ಅದಕ್ಕೆ ಸುಲಭದ ದಾರಿ. ಆದರೆ ಒಂದು ಪ್ರತಿ ಹೊರಗಿರಬೇಕು ಎನ್ನುವುದಕ್ಕೂ ಇರುವ ಒಂದೇ ಪ್ರತಿ ಹೊರಗಿರಬೇಕು ಎನ್ನುವುದಕ್ಕೂ ನಡುವೆ ಕಾವೇರಿಯಷ್ಟು ಅಗಲವಿದೆ. ಉಪದೇಶಕರು ಮೊದಲನೆಯದನ್ನು ಹೇಳಿ ಎರಡನೆಯದನ್ನು ಮಾರುತ್ತಾರೆ.

ಹೊರಗಿನ ಪ್ರತಿಯೊಂದನ್ನೇ ನಂಬಿದರೆ ಏನಾಗುತ್ತದೆ ನೋಡಿ. ಅದೇ ಅಟ್ಲಾಸಿಯನ್‌ನಲ್ಲಿ 2022ರ ಏಪ್ರಿಲ್ 5ರಂದು ಹಳೆಯ ಪ್ಲಗಿನ್ ಒಂದನ್ನು ಅಳಿಸಲು ಹೊರಟ ಎಂಜಿನಿಯರುಗಳ ಪಟ್ಟಿಯಲ್ಲಿ ಪ್ಲಗಿನ್‌ನ ಗುರುತಿನ ಬದಲು ಗ್ರಾಹಕರ ಇಡೀ ತಾಣದ ಗುರುತು ಸೇರಿಕೊಂಡಿತ್ತು. ಅರ್ಧ ಗಂಟೆಯೊಳಗೆ 775 ಗ್ರಾಹಕ ಸಂಸ್ಥೆಗಳ ತಾಣಗಳು ಅಳಿದವು. ಬ್ಯಾಕಪ್ ಇತ್ತು, ಆದರೂ ಕೆಲವರಿಗೆ ತಮ್ಮ ಕೆಲಸದ ಪಟ್ಟಿ ಮತ್ತೆ ಕಾಣಲು ಎರಡು ವಾರ ಬೇಕಾಯಿತು. ರೊಬಸ್ಟಾ ಕೊಯ್ಲಿನ ನಡುವೆ ಎರಡು ವಾರ ಎಂದರೆ ಏನೆಂದು ಯೋಚಿಸಿ. 2024ರ ಮೇ ತಿಂಗಳಲ್ಲಿ ಆಸ್ಟ್ರೇಲಿಯಾದ ಯೂನಿಸೂಪರ್ ಎಂಬ ಪಿಂಚಣಿ ನಿಧಿಯ ಖಾಸಗಿ ಕ್ಲೌಡನ್ನು ಗೂಗಲ್ ಕ್ಲೌಡ್ ಒಂದು ಖಾಲಿ ಬಿಟ್ಟ ಕಾಲಂನ ದೆಸೆಯಿಂದ ಅಳಿಸಿಹಾಕಿತು. ಬೇರೊಬ್ಬ ಸೇವಾದಾರರ ಬಳಿಯೂ ಪ್ರತಿ ಇಟ್ಟಿದ್ದ ಮುಂಜಾಗ್ರತೆ ಆ ನಿಧಿಯ ಕೈಹಿಡಿಯಿತು. ಮುಂಜಾಗ್ರತೆ ಇಲ್ಲದವರ ಗತಿಯನ್ನು ದಕ್ಷಿಣ ಕೊರಿಯಾ ತೋರಿಸಿತು. 2025ರ ಸೆಪ್ಟೆಂಬರಿನಲ್ಲಿ ಡೇಜಾನ್ ನಗರದ ಸರ್ಕಾರಿ ಡೇಟಾ ಕೇಂದ್ರಕ್ಕೆ ಬೆಂಕಿ ಬಿದ್ದು, ಸರ್ಕಾರಿ ನೌಕರರು ತಮ್ಮ ಕಡತ ಇಡುತ್ತಿದ್ದ ಜಿ-ಡ್ರೈವ್‌ನ 858 ಟೆರಾಬೈಟ್ ಸುಟ್ಟಿತು. ಇನ್ನೊಂದು ಪ್ರತಿ ಎಲ್ಲೂ ಇರಲಿಲ್ಲ. ತಂತ್ರಜ್ಞಾನದಲ್ಲಿ ನಮಗೆ ಮಾದರಿ ಎಂದು ತೋರಿಸುವ ದೇಶ ಅದು.

ಬೆಂಕಿ, ತಪ್ಪು ಪಟ್ಟಿ ಬಿಡಿ. ಬೀಗ ಹಾಕುವವರೂ ಇದ್ದಾರೆ. 2025ರ ಜುಲೈನಲ್ಲಿ ಗುಜರಾತಿನ ವಾಡಿನಾರ್‌ನಲ್ಲಿ ಸಂಸ್ಕರಣಾಗಾರವಿರುವ ನಯಾರಾ ಎನರ್ಜಿಗೆ, ಯುರೋಪಿನ ನಿರ್ಬಂಧದ ಹೆಸರಿನಲ್ಲಿ, ಮೈಕ್ರೋಸಾಫ್ಟ್ ಸೇವೆ ನಿಲ್ಲಿಸಿತು. ಕಂಪನಿ ದೆಹಲಿ ಹೈಕೋರ್ಟಿಗೆ ಹೋದ ಮೇಲೆ ಸೇವೆ ಮರಳಿತು. ದುಡ್ಡು ಕಟ್ಟಿದ್ದರು, ತಪ್ಪೇನೂ ಮಾಡಿರಲಿಲ್ಲ, ಭಾರತದ ಕಾನೂನಿನಲ್ಲಿ ಆ ನಿರ್ಬಂಧಕ್ಕೆ ಜಾಗವಿರಲಿಲ್ಲ. ಆದರೂ ಪರದೆ ಕಪ್ಪಾಯಿತು. ನಯಾರಾಕ್ಕೆ ಹೈಕೋರ್ಟಿನ ವಕೀಲರಿದ್ದಾರೆ. ಪೊನ್ನಂಪೇಟೆಯ ಇಪ್ಪತ್ತು ಎಕರೆಯವನಿಗೆ ಯಾರಿದ್ದಾರೆ? ಇನ್ನು ನಮ್ಮದೇ ಸರ್ಕಾರಿ ವ್ಯವಸ್ಥೆಯೂ ಹೊರತಲ್ಲ. 2025ರ ಆರಂಭದಲ್ಲಿ ಆಸ್ತಿ ನೋಂದಣಿಯ ಕಾವೇರಿ 2.0 ಮೇಲೆ ಸೈಬರ್ ದಾಳಿಯಾಗಿ ರಾಜ್ಯದ ಉಪನೋಂದಣಿ ಕಚೇರಿಗಳಲ್ಲಿ ಜನ ದಿನಗಟ್ಟಲೆ ಕಾದು ಕೂತರು.

ಸಹಕಾರ ಸಂಘಗಳ ಕಂಪ್ಯೂಟರೀಕರಣವನ್ನು ಇಲ್ಲಿ ಹೇಳಲೇಬೇಕು. ಇದು ಕಾಮಗಾರಿ ಲೆಕ್ಕಕ್ಕಿಂತ ಹೆಚ್ಚಾಗಿ ಸಾಲ, ದಾಸ್ತಾನಿನ ಲೆಕ್ಕ. ಸಾಗಿಸುವ ಮನೋಭಾವ ಮಾತ್ರ ಒಂದೇ. 2022ರ ಜೂನ್ 29ರಂದು ಕೇಂದ್ರ ಸಂಪುಟ 63,000 ಪ್ರಾಥಮಿಕ ಕೃಷಿ ಪತ್ತಿನ ಸಂಘಗಳನ್ನು ಒಂದೇ ಕ್ಲೌಡ್ ಸಾಫ್ಟ್‌ವೇರಿಗೆ ತರಲು 2,516 ಕೋಟಿ ರೂಪಾಯಿಯ ಯೋಜನೆಗೆ ಒಪ್ಪಿಗೆ ಕೊಟ್ಟಿತು. ಆಮೇಲೆ ಸಂಖ್ಯೆಯೂ ಮೊತ್ತವೂ ಏರಿದವು. ಜಾರಿ ನಬಾರ್ಡ್ ಕೈಯಲ್ಲಿ. ಉದ್ದೇಶದ ಬಗ್ಗೆ ಜಗಳವಿಲ್ಲ, ಲೆಡ್ಜರಿನಲ್ಲಿ ಸಾಲ ಮುಚ್ಚಿಟ್ಟ ಕಥೆಗಳು ಯಾವ ಜಿಲ್ಲೆಗೂ ಹೊಸದಲ್ಲ. ನನ್ನ ಜಗಳ ಯಶಸ್ಸನ್ನು ಅಳೆಯುವ ಮಾಪನದ ಮೇಲೆ. ಎಷ್ಟು ಸಂಘಗಳು ‘ಆನ್‌ಬೋರ್ಡ್’ ಆದವು, ಎಷ್ಟು ‘ಗೋ-ಲೈವ್’ ಆದವು ಎಂದು ಎಣಿಸುತ್ತಾರೆ. ಗೋ-ಲೈವ್ ಆದ ಮೇಲೆ ಎಷ್ಟು ಸದಸ್ಯರು ತಮ್ಮ ಬಾಕಿಯನ್ನು ಹಳೆಯ ಪುಸ್ತಕದೊಡನೆ ತಾಳೆ ನೋಡಿ ಸಹಿ ಹಾಕಿದರು ಎಂದು ಯಾರು ಎಣಿಸುತ್ತಾರೆ? ತಾಳೆಯಾಗದ್ದು ಲೆಕ್ಕಕ್ಕೆ ಬರದಿದ್ದರೆ ತಾಳೆಯಾಗದ್ದು ಇಲ್ಲವೇ ಇಲ್ಲ. ಗುರಿ ತಲುಪಲೇಬೇಕಾದ ಅಧಿಕಾರಿ, ಬೈಸಿಕೊಳ್ಳಲು ಇಷ್ಟವಿಲ್ಲದ ಕಾರ್ಯದರ್ಶಿ, ಇಬ್ಬರ ನಡುವೆ ತಪ್ಪು ಅಂಕಿ ಸುಖವಾಗಿ ಬದುಕುತ್ತದೆ.

ಗಡುವಿನ ಭಯವೂ ಇಂಥದ್ದೇ ಸರಕು. ಯುರೋಪಿಗೆ ಕಾಫಿ ಹೋಗಬೇಕಾದರೆ 2020ರ ಡಿಸೆಂಬರ್ 31ರ ನಂತರ ಕಾಡು ಕಡಿದ ಜಾಗದಲ್ಲಿ ಬೆಳೆದದ್ದಲ್ಲ ಎಂದು ತೋರಿಸಬೇಕು, ತೋಟದ ಅಕ್ಷಾಂಶ ರೇಖಾಂಶ ಆರು ದಶಮಾಂಶದವರೆಗೆ ಕೊಡಬೇಕು, ನಾಲ್ಕು ಹೆಕ್ಟೇರು ದಾಟಿದರೆ ಗಡಿಯ ಸುತ್ತಲಿನ ಬಿಂದುಗಳನ್ನೇ ಕೊಡಬೇಕು ಎಂಬ ಕಾನೂನು 2023ರಲ್ಲಿ ಬಂತು. ಕಾಫಿ ಮಂಡಳಿ ತನ್ನ ಆ್ಯಪಿನಲ್ಲಿ ನೋಂದಣಿಗೆ ಕರೆಯಿತು, ಅದು ಸರಿ. ಇದೇ ಗಾಳಿಯಲ್ಲಿ ತೂರಿಕೊಳ್ಳಲು ಬಂದವರು ಹೇಳಿದ್ದು, 2024ರ ಡಿಸೆಂಬರಿನೊಳಗೆ ನಿಮ್ಮ ಇಡೀ ತೋಟದ ಡೇಟಾ ನಮ್ಮ ಕ್ಲೌಡಿನಲ್ಲಿ ಇರದಿದ್ದರೆ ಕಾಫಿ ಮಾರಾಟವಾಗದು ಎಂದು. ಜಾರಿ 2025ರ ಡಿಸೆಂಬರಿಗೆ ಮುಂದೆ ಹೋಯಿತು, ಮತ್ತೆ 2026ಕ್ಕೆ ಹೋಯಿತು. ಗಡಿಬಿಡಿಯಲ್ಲಿ ಬಾಡಿಗೆ ಕಟ್ಟಿದವರು ಎರಡು ವರ್ಷದ ಬಾಡಿಗೆ ಕಳೆದುಕೊಂಡರು. ಆ ಕಾನೂನಿಗೆ ಮುಖ್ಯವಾಗಿ ಬೇಕಾದದ್ದು ತೋಟದ ಗಡಿ ಮತ್ತು ಬೆಳೆಯ ಲೆಕ್ಕ, ಬೊಳ್ಳಿಯ ಮುಂಗಡವಲ್ಲ.

ಹಾಗಾದರೆ ಏನು ಮಾಡಬೇಕೆಂಬ ಪ್ರಶ್ನೆಗೆ ನನ್ನ ಉತ್ತರ ಮಾರುಕಟ್ಟೆಗೆ ರುಚಿಸದು. ನಡೆಯುತ್ತಿರುವ ಕೆಲಸ ಮಾತ್ರ ಹೊಸ ವ್ಯವಸ್ಥೆಗೆ ಹೋಗಲಿ: ಈ ಹಂಗಾಮಿನ ಬ್ಲಾಕುಗಳು, ಈಗ ಲೈನಿನಲ್ಲಿರುವ ಆಳುಗಳು, ತೀರದ ಮುಂಗಡ. ಮುಗಿದ ವರ್ಷಗಳ ಲೆಕ್ಕವನ್ನು ಪುಟ ಪುಟವಾಗಿ ಸ್ಕ್ಯಾನ್ ಮಾಡಿ, ಪೆನ್ಸಿಲ್ ಗೆರೆಯೂ ಕಾಣುವಂತೆ, ಯಾವ ಕಂಪ್ಯೂಟರಿನಲ್ಲೂ ತೆರೆಯುವ ಸಾದಾ ಫೈಲಾಗಿ ಎರಡು ಕಡೆ ಇಡಬೇಕು. ಒಂದು ತೋಟದಲ್ಲಿ, ಇನ್ನೊಂದು ಜಿಲ್ಲೆಯ ಹೊರಗೆ. ಅದನ್ನು ಕಾಲಂಗಳಿಗೆ ಒಡೆಯುವ ಅಗತ್ಯವೇ ಇಲ್ಲ, ಗ್ರಾಚ್ಯುಟಿ ಕೇಳಲು ಬಂದವನ ಹೆಸರನ್ನು ರೈಟರ್ ಅಲ್ಲೇ ಹುಡುಕಿ ಕೊಡುತ್ತಾನೆ. ಹೊಸದರಲ್ಲಿ ಕಾಲಂ ಮಾಡುವ ಮುನ್ನ ರೈಟರನ್ನೂ ಮೇಸ್ತ್ರಿಯನ್ನೂ ಕೂರಿಸಿ ಅರ್ಧ ಗೀಟಿಗೆ, ಬೋರರಿಗೆ ಜಾಗ ಕೇಳಬೇಕು. ಮೊದಲು ಒಂದೇ ಬ್ಲಾಕು, ಒಂದೇ ಕೊಯ್ಲು. ಪುಸ್ತಕವೂ ಫೋನೂ ಜೊತೆಜೊತೆಗೆ.

ಎರಡೂ ಬರೆಯುವುದು ದುಪ್ಪಟ್ಟು ಕೆಲಸ ಎನ್ನುತ್ತಾರೆ. ಹೌದು, ದುಪ್ಪಟ್ಟು. ರೈಟರಿಗೆ ಆ ಹಂಗಾಮಿಗೆ ಹೆಚ್ಚಿನ ಸಂಬಳ ಕೊಡಬೇಕಾಗುತ್ತದೆ. ಡೇಟಾ ಕ್ಲೀನಿಂಗಿಗೆ ಕೊಡುವ ದುಡ್ಡಿನಲ್ಲಿ ಅದು ಆಗುತ್ತದೆ. ನಿಧಾನ ಮಾಡಿದರೆ ಯಾವತ್ತೂ ಮುಗಿಯುವುದಿಲ್ಲ, ಜನ ಹಳೆಯದಕ್ಕೇ ಅಂಟಿಕೊಳ್ಳುತ್ತಾರೆ ಎನ್ನುವವರ ಮಾತಿನಲ್ಲಿ ಹುರುಳಿದೆ. ಅದಕ್ಕೆ ಮದ್ದು ಕೊನೆಯ ದಿನವನ್ನು ಮೊದಲೇ ಗೊತ್ತುಮಾಡುವುದು, ಆ ದಿನ ತೋಟದ ಕ್ಯಾಲೆಂಡರಿನದಾಗಿರಬೇಕು, ಅಷ್ಟೇ. ಜೊತೆಗೆ ಒಪ್ಪಂದಕ್ಕೆ ಸಹಿ ಹಾಕುವ ಮೊದಲು ಮಾರುವವರನ್ನು ಎದುರಿಗೆ ಕೂರಿಸಿ, ಹಾಕಿದ ಡೇಟಾವನ್ನು ಪೂರ್ತಿ ಹೊರಗೆ ತೆಗೆದು ತೋರಿಸಿ ಎನ್ನಬೇಕು. ಹಾಕುವುದನ್ನು ಎಲ್ಲರೂ ಐದು ನಿಮಿಷದಲ್ಲಿ ತೋರಿಸುತ್ತಾರೆ. ತೆಗೆಯುವುದನ್ನು ಕೇಳಿದಾಗ ‘ಹೆಡ್ ಆಫೀಸಿನಲ್ಲಿ ವಿಚಾರಿಸಿ ಹೇಳುತ್ತೇವೆ’ ಎಂದರೆ ಅವರಿಗೆ ಒಂದು ಲೋಟ ಕಾಫಿ ಕೊಟ್ಟು ಕಳಿಸಬಹುದು.

ಸಹಕಾರ ಸಂಘಗಳ ವಾರ್ಷಿಕ ಮಹಾಸಭೆ ಸೆಪ್ಟೆಂಬರಿನಲ್ಲಿ. ಲಾಭ ಹಂಚಿಕೆ, ಗೊಬ್ಬರದ ದರ, ಊಟ. ಸಾಫ್ಟ್‌ವೇರಿನ ವಿಷಯ ಅಧ್ಯಕ್ಷರ ಭಾಷಣದಲ್ಲಿ ಅರ್ಧ ವಾಕ್ಯ. ಈ ಸಲ ಯಾರಾದರೂ ಎದ್ದು ನಿಂತು, ನಮ್ಮ ಹಳೆಯ ಲೆಡ್ಜರುಗಳು ಈಗ ಎಲ್ಲಿವೆ, ಹೊಸದರೊಡನೆ ತಾಳೆ ನೋಡಿದವರು ಯಾರು, ಅವರ ಸಹಿ ಇರುವ ಕಾಗದ ಎಲ್ಲಿ ಎಂದು ಕೇಳಲಿ, ಉತ್ತರ ನಡಾವಳಿ ಪುಸ್ತಕದಲ್ಲಿ ಬರೆಯುವವರೆಗೆ ಕೂರದಿರಲಿ.